ನಿಧಾನವಾಗಿ ಹಾಳಾಗುವುದಕ್ಕೆ ಇಂಗ್ಲಿಷಿನಲ್ಲಿ ಯಾವ ಪದ ಹಾಕಬೇಕು?

ನೀವು ಬೀದರ್ ಜಿಲ್ಲೆಯವರು. ನಿಮ್ಮ ಊರಿನ ಗ್ರಂಥಾಲಯ ವರ್ಷದಿಂದ ವರ್ಷಕ್ಕೆ ಹಾಳಾಗುತ್ತಿದೆ ಅಂತ ಇಂಗ್ಲಿಷಿನಲ್ಲಿ ಪತ್ರ ಬರೆಯಬೇಕು. ನಿಘಂಟು ನೋಡಿದರೆ ಡಿಟೀರಿಯೊರೇಟ್, ಡಿಕ್ಲೈನ್, ವರ್ಸನ್, ಡಿಕೇ ಎಲ್ಲಕ್ಕೂ ‘ಕೆಡು, ಹದಗೆಡು’ ಅಂತಲೇ ಇದೆ. ಯಾವುದನ್ನು ಎಲ್ಲಿ ಹಾಕೋದು ಅನ್ನೋದು ನಿಮ್ಮ ಪ್ರಶ್ನೆ.

ನಾನು ಕಲಬುರಗಿಯಲ್ಲಿ ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಹತ್ತೊಂಬತ್ತು ವರ್ಷದಿಂದ ಜನರಿಗೆ ಅರ್ಜಿ, ದೂರು, ಕ್ಲೇಮ್ ಪತ್ರ ಬರೆದು ಕೊಡುತ್ತೇನೆ. ಬರುವವರಲ್ಲಿ ಮುಕ್ಕಾಲು ಜನ ಏನೋ ಒಂದು ಕೆಟ್ಟಿದೆ ಅಂತ ಹೇಳೋಕೇ ಬರುತ್ತಾರೆ. ರಸ್ತೆ, ಬೋರ್‌ವೆಲ್, ಶಾಲೆಯ ಚಾವಣಿ, ತೊಗರಿ, ಅವ್ವನ ಆರೋಗ್ಯ. ನಮ್ಮ ಕಡೆ ಎಲ್ಲಕ್ಕೂ ಒಂದೇ ಮಾತು, ‘ಖರಾಬ್ ಆಗ್ಯದ್ರಿ’. ಅದನ್ನು ಇಂಗ್ಲಿಷಿಗೆ ತರುವಾಗ ನಾನು ಒಮ್ಮೆ ದೊಡ್ಡ ತಪ್ಪು ಮಾಡಿದ್ದೇನೆ. ಅದನ್ನೇ ಮೊದಲು ಹೇಳುತ್ತೇನೆ, ಯಾಕಂದ್ರೆ ನಾನು ಕಲಿತದ್ದೆಲ್ಲ ಅಲ್ಲಿಂದಲೇ.

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಬಂತು. ನೀರು ಇಳಿದ ಮೇಲೆ ಅಫಜಲಪುರ ಕಡೆಯ ಕಿರಾಣಿ ವ್ಯಾಪಾರಿಯೊಬ್ಬರು ಅಂಗಡಿಗೆ ಬಂದರು. ಗೋದಾಮಿನ ಗೋಡೆ ಬಿದ್ದು ಮಾಲು ನೀರುಪಾಲಾಗಿತ್ತು. ‘ನೀರಾಗ ನೆಂದು ನೆಂದು ಗ್ವಾಡಿ ಖರಾಬ್ ಆಗಿ ಬಿತ್ರಿ ಸರ್, ಇನ್ಶೂರೆನ್ಸ್‌ಗೆ ಒಂದು ಲೆಟರ್ ಬರ್ದು ಕೊಡ್ರಿ’ ಅಂದರು. ನಾನು ‘ದ ವಾಲ್ ಗ್ರ್ಯಾಜುಯಲಿ ಡಿಟೀರಿಯೊರೇಟೆಡ್ ಅಂಡ್ ಕೊಲ್ಯಾಪ್ಸ್ಡ್’ ಅಂತ ಬರೆದು ಕೊಟ್ಟೆ. ಆ ಹೊತ್ತಿಗೆ ಚೆನ್ನಾಗೇ ಇದೆ ಅನ್ನಿಸಿತ್ತು.

ಕ್ಲೇಮ್ ಆಗಲಿಲ್ಲ. ಗೋಡೆ ಬಹಳ ದಿನದಿಂದ ಶಿಥಿಲ ಆಗುತ್ತಾ ಬಂದು ಬಿದ್ದಿದೆ, ಅದಕ್ಕೆ ಹಣ ಕೊಡೋಕೆ ಬರಲ್ಲ ಅಂತ ಉತ್ತರ ಬಂತು. ಆಸ್ತಿ ವಿಮೆಯ ಪಾಲಿಸಿಗಳಲ್ಲಿ ಯಾವುದಕ್ಕೆ ಹಣ ಇಲ್ಲ ಅನ್ನೋ ಪಟ್ಟಿ ಇರುತ್ತದಲ್ವಾ, ಅದರಲ್ಲಿ ‘ವೇರ್ ಅಂಡ್ ಟೇರ್’ (ಬಳಸಿ ಸವೆಯೋದು), ‘ಗ್ರ್ಯಾಜುಯಲ್ ಡಿಟೀರಿಯೊರೇಷನ್’ (ನಿಧಾನವಾಗಿ ಕೆಡೋದು) ಅನ್ನೋ ಮಾತುಗಳು ಸಾಮಾನ್ಯವಾಗಿ ಇದ್ದೇ ಇರುತ್ತವೆ. ನಾನು ಆ ಮಾತನ್ನೇ ಪತ್ರದಲ್ಲಿ ಎತ್ತಿ ಕೊಟ್ಟಿದ್ದೆ. ಅವರು ಹೇಳಿದ ‘ನೆಂದು ನೆಂದು’ ಎರಡು ರಾತ್ರಿಯ ಮಾತು. ನನ್ನ ಇಂಗ್ಲಿಷಿನಲ್ಲಿ ಅದು ಹತ್ತು ವರ್ಷದ ಮಾತಾಗಿಬಿಟ್ಟಿತು. ಆ ಕಾಗದ ಹಿಡಿದುಕೊಂಡು ಅವರು ನನ್ನೆದುರು ಸ್ಟೂಲ್ ಮೇಲೆ ಕೂತಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಬೈಯಲಿಲ್ಲ. ‘ನಾ ಹಾಂಗ ಹೇಳಿದ್ದಿಲ್ಲ ನೋಡ್ರಿ’ ಅಂದರು, ಅಷ್ಟೇ. ‘ವಾಸ್ ಡ್ಯಾಮೇಜ್ಡ್ ಬೈ ಫ್ಲಡ್ ವಾಟರ್’ ಅಂತ, ತಾರೀಖು, ಫೋಟೋ ಸಮೇತ ಇನ್ನೊಂದು ಪತ್ರ ಬರೆದೆ. ಎಂಟು ತಿಂಗಳ ಮೇಲೆ ಒಂದಿಷ್ಟು ದುಡ್ಡು ಬಂತು.

ಅವತ್ತಿನಿಂದ ಯಾರೇ ‘ಖರಾಬ್ ಆಗ್ಯದ’ ಅಂದರೂ ಎರಡು ಮಾತು ಕೇಳುತ್ತೇನೆ. ಎಷ್ಟು ದಿನದಾಗ ಆಯ್ತು? ತಾನೇ ಆಯ್ತಾ, ಯಾರಾದ್ರೂ ಇಲ್ಲಾ ಏನಾದ್ರೂ ಮಾಡಿತಾ?

ಡಿಟೀರಿಯೊರೇಟ್ ಅಂದ್ರೆ ಇದ್ದ ಸ್ಥಿತಿಯಿಂದ ಹಂತಹಂತವಾಗಿ ಕೆಳಗಿಳಿಯೋದು. ಅದು ತಾನೇ ಆಗುವ ಕೆಲಸ. ‘ರೈನ್ ಡಿಟೀರಿಯೊರೇಟೆಡ್ ದ ರೋಡ್’ ಅಂದರೆ ಕಿವಿಗೆ ಒಗ್ಗಲ್ಲ. ಮಳೆ ಕೆಡಿಸಿತು ಅನ್ನೋಕೆ ಡ್ಯಾಮೇಜ್ಡ್ ಸಾಕು. ‘ದ ರೋಡ್ ಈಸ್ ಡಿಟೀರಿಯೊರೇಟೆಡ್’ ಅಂತ ಬಹಳ ಜನ ಬರೆಯುತ್ತಾರೆ, ಅಲ್ಲಿ ‘ಹ್ಯಾಸ್ ಡಿಟೀರಿಯೊರೇಟೆಡ್’ ಸರಿ. ಇದರಲ್ಲಿ ವೇಗ ಮಾತ್ರ ಕಟ್ಟಿಟ್ಟದ್ದಲ್ಲ. ಐಸಿಯುನಲ್ಲಿರುವ ರೋಗಿ ಒಂದೇ ರಾತ್ರಿಯಲ್ಲಿ ‘ರ‍್ಯಾಪಿಡ್ಲಿ’ ಡಿಟೀರಿಯೊರೇಟ್ ಆಗಬಹುದು. ನಿಧಾನ ಅನ್ನೋದು ಮುಖ್ಯ ಆದ್ರೆ ಗ್ರ್ಯಾಜುಯಲಿ, ಸ್ಟೆಡಿಲಿ ಅಂತ ಸೇರಿಸಲೇಬೇಕು. ಕನ್ನಡದಲ್ಲಿ ನಾವು ಕ್ರಿಯಾಪದವನ್ನೇ ಎರಡು ಸಲ ಹೇಳಿ ಮುಗಿಸುತ್ತೇವೆ. ಸವೆದು ಸವೆದು, ಕೊಳೆತು ಕೊಳೆತು, ಬರ್ತಾ ಬರ್ತಾ. ‘ಬರ್ತಾ ಬರ್ತಾ ರಾಯರ ಕುದುರೆ ಕತ್ತೆ ಆಯ್ತು’ ಅನ್ನೋದರಲ್ಲಿ ನಿಧಾನವೂ ಇದೆ, ಬೇಸರವೂ ಇದೆ. ಇಂಗ್ಲಿಷಿನ ‘ಗೋ ಡೌನ್‌ಹಿಲ್’ ಅದರ ಹತ್ತಿರ ಬರುತ್ತದೆ. ಒಳ್ಳೆ ಖಾನಾವಳಿಯ ಊಟ ಕೆಡ್ತಾ ಹೋದರೆ ಹಾಗೆ ಹೇಳಬಹುದು. ಅರ್ಜಿಯಲ್ಲಿ ಬೇಡ.

ನಿಮಗೆ ಗೊತ್ತಿರುವ ಕಟ್ಟಡದಲ್ಲೇ ಹೇಳುತ್ತೇನೆ. ಬೀದರಿನ ಮಹಮೂದ್ ಗವಾನ್ ಮದರಸಾ 1472ರದ್ದು. ಔರಂಗಜೇಬನ ಕಾಲದಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಮುಂಭಾಗದ ಒಂದು ಮಗ್ಗುಲು, ಒಂದು ಮಿನಾರು ಹೋದವು. ಅದು ಡಿಟೀರಿಯೊರೇಷನ್ ಅಲ್ಲವೇ ಅಲ್ಲ. ಡೆಸ್ಟ್ರಾಯ್ಡ್. ಒಂದು ಗಳಿಗೆಯ ಕೆಲಸ. ಉಳಿದ ಮಿನಾರಿನ ಹತ್ತಿರ ನಿಂತು ನೋಡಿ. ನೀಲಿ, ಬಿಳಿ ಹೆಂಚುಬಿಲ್ಲೆಗಳು ಅಲ್ಲೊಂದು ಇಲ್ಲೊಂದು ಉದುರಿ, ಹಿಂದಿನ ಗಾರೆ ಕಾಣುತ್ತದೆ. ಬಿಸಿಲು, ಮಳೆ, ಶತಮಾನಗಳು. ಅದಕ್ಕೆ ಡಿಟೀರಿಯೊರೇಟ್ ಸರಿಯಾಗಿ ಹೊಂದುತ್ತದೆ. ಒಂದೇ ಕಟ್ಟಡ, ಎರಡು ತರದ ಹಾನಿ. ಎರಡಕ್ಕೂ ಒಂದೇ ಪದ ಹಾಕಿದರೆ ಅದರ ಇತಿಹಾಸವೇ ತಪ್ಪಾಗುತ್ತದೆ.

ಡಿಕ್ಲೈನ್ ಎಣಿಸುವ, ಅಳೆಯುವ ವಿಷಯಕ್ಕೆ ಒಗ್ಗುತ್ತದೆ. ಓದುಗರ ಸಂಖ್ಯೆ, ಇಳುವರಿ, ವಯಸ್ಸಾದವರ ಆರೋಗ್ಯ, ರಾಜ್ಯಗಳ ಬಲ. ಮೋಟರ್, ಚಾವಣಿ ಇವಕ್ಕೆ ಹಾಕಬೇಡಿ. ಮೂಲದಲ್ಲಿ ಇದು ಲ್ಯಾಟಿನ್ನಿನ ‘ಬಾಗು, ಪಕ್ಕಕ್ಕೆ ತಿರುಗು’ ಅನ್ನೋ ಮಾತು. ಅದಕ್ಕೇ ಬೇಡ ಅನ್ನೋದಕ್ಕೂ ಡಿಕ್ಲೈನ್ ಅಂತಾರೆ. ಆ ವ್ಯಾಪಾರಿಗೆ ಬಂದ ಕಾಗದದಲ್ಲೂ ‘ಕ್ಲೇಮ್ ಡಿಕ್ಲೈನ್ಡ್’ ಅಂತಲೇ ಇತ್ತು.

ನಮ್ಮ ತೊಗರಿ ರೈತರ ಅರ್ಜಿಯಲ್ಲಿ ಈ ಗೊಂದಲ ಜಾಸ್ತಿ. ನೆಟೆ ರೋಗ ಬಂದು ಗಿಡ ನಿಂತಲ್ಲೇ ಒಣಗಿದರೆ ಅದು ವಿಲ್ಟ್. ಅದರಿಂದ ಇಳುವರಿ ಇಳಿದರೆ ಡಿಕ್ಲೈನ್. ಚೀಲದಲ್ಲಿಟ್ಟ ಕಾಳು ದಿನಾ ಕಳೆದಂತೆ ಗುಣ ಕಳಕೊಂಡರೆ ಡಿಟೀರಿಯೊರೇಟ್. ಗಿಡಕ್ಕೆ ಬಂದದ್ದು ಮಣ್ಣಿನಲ್ಲಿರುವ ಬೂಷ್ಟಿನಿಂದ, ಕಾಳಿಗೆ ಬಂದದ್ದು ಸಂಗ್ರಹದ ತೊಂದರೆಯಿಂದ. ಓದುವ ಅಧಿಕಾರಿಗೆ ಇದು ಬೇರೆ ಬೇರೆಯಾಗಿ ತಿಳಿಯಬೇಕು. ಇಲ್ಲಾಂದ್ರೆ ಅರ್ಜಿ ತಪ್ಪು ಮೇಜಿಗೆ ಹೋಗಿ ಕೂರುತ್ತದೆ.

ಉಳಿದವು ಸುಲಭ. ಡಿಕೇ ಅಂದ್ರೆ ಕೊಳೆಯೋದು: ಹಲ್ಲು, ಮರ, ಎಲೆ. ಇರೋಡ್ ಅಂದ್ರೆ ಅಂಚಿನಿಂದ ಕೊರೆದು ಹೋಗೋದು, ನದಿ ದಂಡೆಯ ಮಣ್ಣಿನ ಹಾಗೆ. ಇಲಿಯ ಜಾತಿಗೆ ಹೇಳುವ ರೋಡೆಂಟ್ ಕೂಡ ‘ಕಡಿ’ ಅನ್ನೋ ಅದೇ ಲ್ಯಾಟಿನ್ ಮೂಲದ್ದು. ನಂಬಿಕೆಗೂ ಇರೋಡ್ ಹಾಕುತ್ತಾರೆ, ಚೆನ್ನಾಗಿ ಕೂರುತ್ತದೆ. ರಸ್ಟ್ ಕಬ್ಬಿಣಕ್ಕೆ ಮಾತ್ರ. ಬಿದರಿ ಹೂದಾನಿಯ ಬೆಳ್ಳಿ ಕೆಲಸ ಹೊಳಪು ಕಳಕೊಂಡರೆ ಅದು ಟಾರ್ನಿಶ್. ವರ್ಸನ್ ಎಲ್ಲಕ್ಕಿಂತ ಸರಳ, ತಾನೇ ಕೆಡುವುದಕ್ಕೂ ಕೆಡಿಸುವುದಕ್ಕೂ ನಡೆಯುತ್ತದೆ. ಎಕ್ಸಾಸರ್‌ಬೇಟ್ ಅಂದ್ರೆ ಮೊದಲೇ ಕೆಟ್ಟದ್ದನ್ನು ಇನ್ನಷ್ಟು ಕೆಡಿಸೋದು. ಏನನ್ನು ಕೆಡಿಸಿತು ಅಂತ ಹೇಳದೆ ಅದು ನಿಲ್ಲಲ್ಲ.

ಈಗ ನಿಮ್ಮ ಗ್ರಂಥಾಲಯ. ಕಟ್ಟಡಕ್ಕೆ ‘ದ ಬಿಲ್ಡಿಂಗ್ ಹ್ಯಾಸ್ ಸ್ಟೆಡಿಲಿ ಡಿಟೀರಿಯೊರೇಟೆಡ್ ಓವರ್ ದ ಪಾಸ್ಟ್ ಫೈವ್ ಇಯರ್ಸ್’ ಅಂತ ಬರೆಯಿರಿ. ಐದೋ ಏಳೋ, ನಿಜವಾದ ವರ್ಷ ಹಾಕಿ. ಬರುವವರು ಕಡಿಮೆ ಆಗಿದ್ದರೆ ಅದನ್ನು ಬೇರೆ ವಾಕ್ಯದಲ್ಲಿ, ‘ದ ನಂಬರ್ ಆಫ್ ರೀಡರ್ಸ್ ಹ್ಯಾಸ್ ಡಿಕ್ಲೈನ್ಡ್’ ಅಂತ. ಇದೇ ಮಳೆಗಾಲದಲ್ಲಿ ಚಾವಣಿಯ ಒಂದು ಭಾಗ ಕುಸಿದಿದ್ದರೆ ಮಾತ್ರ ದಯವಿಟ್ಟು ಅದನ್ನು ಮೊದಲಿನ ವಾಕ್ಯಕ್ಕೆ ಅಂಟಿಸಬೇಡಿ. ಕುಸಿದ ತಾರೀಖು ಹಾಕಿ, ‘ಕೊಲ್ಯಾಪ್ಸ್ಡ್’ ಅಂತ ಬರೆದು, ಫೋಟೋ ಜೊತೆಗಿಡಿ.