ಮಂಟಪದ ಕೆಲಸ, ಹಾಜ್ರಿಯ ಲೆಕ್ಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮುಂಬಯಿ ಗಣೇಶೋತ್ಸವದ ಅಲಂಕಾರ ಕೆಲಸದಲ್ಲಿರುವ ಕನ್ನಡಿಗರ ಪ್ರಶ್ನೆಗಳಿಗೆ ಈ ಸಲ ಉತ್ತರ.

ಮಂಡಳಿಯೊಂದು ನನ್ನಿಂದ ಹಂಪಿಯ ಕಲ್ಲಿನ ರಥದ ಮಂಟಪಕ್ಕೆ ನಕ್ಷೆ ಬರೆಸಿಕೊಂಡು, ‘ಬಜೆಟ್ ಇಲ್ಲ’ ಎಂದಿತು. ಹಬ್ಬಕ್ಕೆ ನೋಡಿದರೆ ಬೇರೊಬ್ಬ ಗುತ್ತಿಗೆದಾರ ಅದನ್ನೇ ಕಟ್ಟಿದ್ದಾನೆ. ಏನು ಮಾಡಲಿ? (ಡೊಂಬಿವಲಿ)

ಹಂಪಿಯ ರಥ ಯಾರಪ್ಪನ ಸ್ವತ್ತೂ ಅಲ್ಲ. ‘ರಥದ ಮಂಟಪ ಮಾಡೋಣ’ ಎಂಬ ಕಲ್ಪನೆಗೂ ಹಕ್ಕಿಲ್ಲ. ಆದರೆ ನೀವು ಬರೆದ ನಕ್ಷೆಗೆ 1957ರ ಕೃತಿಸ್ವಾಮ್ಯ ಕಾಯ್ದೆಯ ರಕ್ಷಣೆ ಇದೆ. ಅದಕ್ಕೆ ನೋಂದಣಿ ಕಡ್ಡಾಯವಲ್ಲ. ಕಾಗದದ ಮೇಲಿನ ಚಿತ್ರವನ್ನು ಬಿದಿರು ಬಟ್ಟೆಯಲ್ಲಿ ಎಬ್ಬಿಸಿ ನಿಲ್ಲಿಸಿದರೂ 14ನೇ ಕಲಮಿನಂತೆ ಅದು ನಕಲೇ.

ಸಾಕ್ಷಿ ಹುಡುಕಬೇಕಾದ್ದು ಮೂಲದಲ್ಲಿ ಇಲ್ಲದ ಕಡೆ. ಕಲ್ಲಿನ ರಥದ ಮೇಲಿದ್ದ ಇಟ್ಟಿಗೆಯ ಶಿಖರ ಈಗಿಲ್ಲ. ನೀವು ಊಹಿಸಿ ಬರೆದ ಶಿಖರವೇ, ಅಷ್ಟೇ ಅಂತಸ್ತಿನಲ್ಲಿ, ಅದೇ ಅಳತೆಯಲ್ಲಿ ಅಲ್ಲೂ ನಿಂತಿದ್ದರೆ ಕಾಕತಾಳೀಯ ಎಂದು ಜಾರಿಕೊಳ್ಳುವುದು ಕಷ್ಟ. ಮಂಟಪ ಬಿಚ್ಚುವ ಮೊದಲೇ ಎದುರಿನಿಂದ, ಪಕ್ಕದಿಂದ ಫೋಟೊ ತೆಗೆದುಕೊಳ್ಳಿ. ನಕ್ಷೆ ಕಳಿಸಿದ ವಾಟ್ಸ್ಆ್ಯಪ್ ಸಂದೇಶ ಅಳಿಸಬೇಡಿ. ನಂತರ ವಕೀಲರ ನೋಟಿಸು.

ಮುಂದಿನ ಸಲ ನಕ್ಷೆಗೇ ಪ್ರತ್ಯೇಕ ಶುಲ್ಕ ಹೇಳಿ. ಹಣ ಬರುವವರೆಗೆ ಅಳತೆ ನಮೂದಿಸದ ಹಾಳೆ ಮಾತ್ರ ಕೊಡಿ. ಒಂದು ಎಚ್ಚರಿಕೆ: ದುಡ್ಡು ಪಡೆದು ಬರೆದುಕೊಟ್ಟ ವರ್ಣಚಿತ್ರದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, 17ನೇ ಕಲಮಿನ ಪ್ರಕಾರ ಬರೆಸಿದವರದ್ದು. ಪರದೆ ಬರೆಯುವವರು ಇದನ್ನು ಮರೆಯುತ್ತಾರೆ. ಹಕ್ಕು ಹೋದರೂ, ಕಲಾವಿದ ನಾನೇ ಎಂದು ಹೆಸರು ಹೇಳಿಕೊಳ್ಳುವ ಅಧಿಕಾರ 57ನೇ ಕಲಮಿನಂತೆ ಉಳಿಯುತ್ತದೆ.

ವಿಸರ್ಜನೆ ಆದ ಮೇಲೆ ಬಾಕಿ ಹಣಕ್ಕೆ ಅಲೆಸುತ್ತಾರೆ. ತಪ್ಪಿಸುವ ದಾರಿ? (ಪರೇಲ್)

ಹೊಳೆ ದಾಟಿದ ಮೇಲೆ ಅಂಬಿಗನ ಹಂಗಿಲ್ಲ. ಆದ್ದರಿಂದ ಬಾಕಿಯ ದೊಡ್ಡ ಪಾಲು ಸ್ಥಾಪನೆಗೆ ಮುಂಚೆಯೇ ಕೈಸೇರುವಂತೆ ಕಂತು ಹಾಕಿ: ಒಪ್ಪಂದಕ್ಕೆ ನೂರಕ್ಕೆ 40, ಚೌಕಟ್ಟು ನಿಂತಾಗ 30, ಮೂರ್ತಿ ಬರುವ ಮುನ್ನಾದಿನ 20, ಬಿಚ್ಚಿ ಸಾಗಿಸಿದಾಗ 10. ಬಿಚ್ಚುವ ಕೂಲಿ, ಟೆಂಪೊ ಬಾಡಿಗೆ ಅಂದಾಜಿನಲ್ಲಿ ಸೇರಿಸದೆ ಬಿಡುವವರೇ ಹೆಚ್ಚು. ಲಾಭವೆಲ್ಲ ಅಲ್ಲಿ ಸೋರಿಹೋಗುತ್ತದೆ.

ಸಹಿ ಯಾರದು ಎಂಬುದು ಮುಖ್ಯ. ಫೋನ್ ಮಾಡಿ ಕರೆದ ಕಾರ್ಯಕರ್ತ ಮುಂದಿನ ವರ್ಷ ಮಂಡಳಿಯಲ್ಲೇ ಇಲ್ಲದಿರಬಹುದು. ಟ್ರಸ್ಟ್ ನೋಂದಣಿ ಸಂಖ್ಯೆ ಬರೆಸಿ, ಅಧ್ಯಕ್ಷ ಮತ್ತು ಖಜಾಂಚಿ ಇಬ್ಬರ ಸಹಿ ಹಾಕಿಸಿ.

ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಉಚಿತ. ಕೆಲಸ ಒಪ್ಪಿಕೊಳ್ಳುವ ಮೊದಲೇ ಮಾಡಿಸಿಕೊಂಡರೆ 2006ರ ಸಣ್ಣ ಉದ್ದಿಮೆ ಕಾಯ್ದೆ ನೆರವಿಗೆ ಬರುತ್ತದೆ: ಕರಾರು ಇದ್ದರೂ ಹಣ ಕೊಡುವ ಗಡುವು 45 ದಿನ ಮೀರುವಂತಿಲ್ಲ, ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಸಾಮಾನು, ಕೂಲಿ ಎಲ್ಲ ಕೂಡಿಸಿ ಒಂದೇ ಮೊತ್ತದ ಬಿಲ್ಲು ಬರೆದರೆ ‘ಇದು ಕಾಮಗಾರಿ ಗುತ್ತಿಗೆ, ಕಾಯ್ದೆ ಅನ್ವಯಿಸದು’ ಎಂದು ತಕರಾರು ಎತ್ತುತ್ತಾರೆ. ವಿನ್ಯಾಸ, ಸಾಮಾನು, ಕೂಲಿ ಬೇರೆ ಬೇರೆಯಾಗಿ ಬರೆಯಿರಿ. ಏನಿಲ್ಲವೆಂದರೂ ಮೂರು ವರ್ಷದೊಳಗೆ ಸಿವಿಲ್ ದಾವೆ ಹೂಡಬಹುದು.

ಕೂಲಿಗಳು ಕೆಲಸಕ್ಕೆ ಕಾದು ನಿಲ್ಲುವ ನಾಕಾದಿಂದ ಹೋಗುವ ನಮಗೆ ರಾತ್ರಿ ಹನ್ನೊಂದರವರೆಗೆ ದುಡಿಸಿ ‘ದೀಡ್ ಹಾಜ್ರಿ’ (ಒಂದೂವರೆ ದಿನದ ಕೂಲಿ) ಕೊಡುತ್ತಾರೆ. ಸರಿಯೇ? (ವಾಶಿ)

ಸರಿಯಲ್ಲ. ಹಾಜ್ರಿ ₹800 ಎಂದಿಟ್ಟುಕೊಳ್ಳಿ. ಎಂಟು ಗಂಟೆಗೆ, ಅಂದರೆ ಗಂಟೆಗೆ ₹100. ಬೆಳಗ್ಗೆ 9ರಿಂದ ರಾತ್ರಿ 11, ಊಟಕ್ಕೆ ಒಂದು ಗಂಟೆ ಕಳೆದರೆ 13 ಗಂಟೆ. ಹೆಚ್ಚುವರಿ ಐದು ಗಂಟೆಗೆ ದುಪ್ಪಟ್ಟು, ಅಂದರೆ ₹1,000. ಒಟ್ಟು ₹1,800 ಬರಬೇಕು. ದೀಡ್ ಹಾಜ್ರಿ ₹1,200 ಮಾತ್ರ. ಒಂದೇ ರಾತ್ರಿಗೆ ₹600 ಖೋತಾ! ಬಂದ ಹೊತ್ತು, ಬಿಟ್ಟ ಹೊತ್ತು ಅಂದಂದೇ ಬರೆದಿಟ್ಟು, ಮುಕದ್ದಮನಿಗೆ (ಕೂಲಿಗಳ ಮೇಸ್ತ್ರಿಗೆ) ಅದರ ಫೋಟೊ ಕಳಿಸಿ.

ವಿಮೆಯ ವಿಚಾರವೂ ಕೇಳಿ. ದೇವರ ಬಂಗಾರಕ್ಕೆ ಪಾಲಿಸಿ ಮಾಡಿಸುವ ಮಂಡಳಿ ಏಣಿಯ ಮೇಲೆ ನಿಂತವನಿಗೂ ಮಾಡಿಸಿದೆಯೇ? ಪಾಲಿಸಿಯಲ್ಲಿ ಸ್ವಯಂಸೇವಕರಷ್ಟೇ ಇದ್ದಾರೋ, ಕೂಲಿಯವರೂ ಇದ್ದಾರೋ ನೋಡಿ. ಮಳೆಯಲ್ಲಿ ದೀಪದ ಸರ ಕಟ್ಟುವ ಮುನ್ನ 30 ಮಿಲಿಆ್ಯಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಇದೆಯೇ ನೋಡಿ, ಅದರ ಟೆಸ್ಟ್ ಬಟನ್ ಒತ್ತಿ. ಕರೆಂಟು ಹೋಗದಿದ್ದರೆ ಕೆಲಸ ಮುಟ್ಟಬೇಡಿ.

ಥರ್ಮಾಕೋಲ್ ಬದಲು ರದ್ದಿ ಕಾಗದದ ಮುದ್ದೆ ಬಳಸಿದರೆ ಬೂಷ್ಟು ಹಿಡಿಯುತ್ತದೆ. (ದಹಿಸರ್)

ರಾಜ್ಯದಲ್ಲಿ 2018ರಿಂದ ಅಲಂಕಾರದ ಥರ್ಮಾಕೋಲ್‌ಗೆ ನಿಷೇಧವಿರುವುದರಿಂದ ಕಾಗದ ಬಿಟ್ಟರೆ ಗತಿಯಿಲ್ಲ. ದಪ್ಪ ಪದರ ಒಂದೇ ಸಲ ಮೆತ್ತಿದ್ದೇ ಬೂಷ್ಟಿಗೆ ಕಾರಣ: ಮೇಲೆ ಒಣಗಿ ಒಳಗೆ ತೇವ ಉಳಿಯುತ್ತದೆ. ತೆಳುವಾಗಿ ಮೆತ್ತಿ, ಫ್ಯಾನ್ ಗಾಳಿಗೆ ಪೂರ್ತಿ ಒಣಗಿಸಿ, ಆಮೇಲೆ ಮುಂದಿನ ಪದರ. ಮೈದಾ ಅಂಟು ಕುದಿಸುವಾಗ ಚಿಟಿಕೆ ಮೈಲುತುತ್ತ ಹಾಕಿ. ಅದು ವಿಷ, ಕೈಗವಸು ಬೇಕು, ಅಡುಗೆ ಪಾತ್ರೆ ಬೇಡ. ಬಣ್ಣ ಹಚ್ಚುವುದು ಹಿಂಬದಿ ಮುಟ್ಟಿದಾಗ ತಣ್ಣಗೆ ಅನ್ನಿಸದಿದ್ದರೆ ಮಾತ್ರ.