ಅತ್ತೆಯ ಪ್ರಶ್ನೆಯಿಂದಲೇ ಶುರು ಮಾಡಿ

ನಮಸ್ಕಾರ.

ನಾಪೋಕ್ಲಿನಿಂದ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ.

ಮೈಸೂರಿನ ಪ್ರಯೋಗಾಲಯದಲ್ಲಿ, ದೊಡ್ಡ ಅಯಸ್ಕಾಂತದಿಂದ ಅಣುಗಳ ರಚನೆ ತಿಳಿಯುವ ಎನ್‌ಎಂಆರ್ ಯಂತ್ರದ ಹತ್ತಿರ, ಬಸುರಿಯಾಗಿ ಕೆಲಸ ಮಾಡಿದ ತಿಂಗಳುಗಳು ನಿಮ್ಮ ವಿಷಯ. ನೀವು ಹೊರಟದ್ದು ಮಾತ್ರ ಬ್ರಹ್ಮಾಂಡದಿಂದ. ಮೂರನೇ ಪುಟದಲ್ಲಿ ಅತ್ತೆ ಕೇಳುತ್ತಾರೆ: “ಅಷ್ಟು ದೊಡ್ಡ ಅಯಸ್ಕಾಂತ ಮಗೂನ ಎಳೆಯೋದಿಲ್ವಾ ಮಗಳೇ?” ಅಲ್ಲಿಂದ ಶುರು ಮಾಡಿ. ಅದಕ್ಕೆ ಮುಂಚಿನದ್ದೆಲ್ಲ ಹೋಗಲಿ.

“ಮಗು ದಿನಕ್ಕೆ ಆರು ಗಂಟೆ 9.4 ಟೆಸ್ಲಾ ಸಹಿಸಿತು” ಎಂದಿದ್ದೀರಿ. ತಪ್ಪು. ಟೆಸ್ಲಾ ಅಂದರೆ ಕಾಂತಕ್ಷೇತ್ರದ ಬಲದ ಅಳತೆ. 9.4 ಟೆಸ್ಲಾ ಇರುವುದು ಯಂತ್ರದ ನಟ್ಟನಡುವೆ, ಸ್ಯಾಂಪಲ್ ನಳಿಕೆ ಇಳಿಯುವ ಸಣ್ಣ ತೂತಿನಲ್ಲಿ. ಅಲ್ಲಿ ಮುಷ್ಟಿಯೂ ತೂರುವುದಿಲ್ಲ. ನೀವು ಕೂತಿದ್ದು ಕಂಪ್ಯೂಟರ್ ಮುಂದೆ. ಅದು ಯಂತ್ರದಿಂದ ಎಷ್ಟು ದೂರ? ಆರು ಪುಟ ಹುಡುಕಿದರೂ ಸಿಗಲಿಲ್ಲ. ಅತ್ತೆಗೆ ಕೊಡಬೇಕಾದ ಉತ್ತರ ಅದೇ ಅಲ್ವಾ? ಕಾಫಿ ಹೂವಿನ ಘಮ ಪಕ್ಕದ ತೋಟದವರೆಗೂ ಬರುತ್ತದೆ. ಅಯಸ್ಕಾಂತದ ಬಲ ಹಾಗಲ್ಲ. ಸ್ವಲ್ಪ ಆಚೆ ಸರಿದ ಮೇಲೆ, ದೂರ ಎರಡು ಪಟ್ಟಾದರೆ ಬಲ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಯಂತ್ರದ ಸುತ್ತ ನೆಲದ ಮೇಲೆ ಎಳೆದ ಎಚ್ಚರಿಕೆಯ ಗೆರೆಯ ಹೊರಗೆ ಅದು 5 ಗೌಸ್‌ಗಿಂತ, ಅಂದರೆ ಅರ್ಧ ಮಿಲಿಟೆಸ್ಲಾಗಿಂತ ಕಡಿಮೆ. ಸ್ಥಿರ ಕಾಂತಕ್ಷೇತ್ರಕ್ಕೆ ಐಸಿನಿರ್ಪ್ ಎಂಬ ಅಂತರರಾಷ್ಟ್ರೀಯ ಆಯೋಗ 2009ರಲ್ಲಿ ಜನಸಾಮಾನ್ಯರಿಗೆ ಹೇಳಿದ ಮಿತಿ 400 ಮಿಲಿಟೆಸ್ಲಾ. ಇನ್ನು ಆ ಗೆರೆ ಬಸುರಿಯರಿಗಾಗಿ ಎಳೆದದ್ದೂ ಅಲ್ಲ, ಪೇಸ್‌ಮೇಕರ್ ಇರುವವರಿಗಾಗಿ. ಎಕ್ಸ್‌ರೇಗೆ ಹೋಲಿಸಿದ ಪ್ಯಾರಾ ಹೊಡೆದುಹಾಕಿ.

ಹಾಗಂತ ಕೊನೆಗೆ “ಪೂರ್ತಿ ಸುರಕ್ಷಿತ” ಎಂದು ಷರಾ ಬರೆದದ್ದೂ ಜಾಸ್ತಿಯಾಯಿತು. ಬಸುರಿಯರ ಮೇಲೆ ನಡೆದ ಅಧ್ಯಯನ ಕಡಿಮೆ. ಅಮೆರಿಕದ ರೇಡಿಯಾಲಜಿ ಕಾಲೇಜು ಎಂಬ ವೈದ್ಯರ ಸಂಘದ ಮಾತು ನೋಡಿ: ಬಸುರಿ ಸಿಬ್ಬಂದಿ ಎಂಆರ್‌ಐ (ಇಂಥದ್ದೇ ಅಯಸ್ಕಾಂತ ಬಳಸುವ ಆಸ್ಪತ್ರೆಯ ಸ್ಕ್ಯಾನ್) ವಿಭಾಗದಲ್ಲಿ ಒಂಬತ್ತೂ ತಿಂಗಳು ದುಡಿಯಬಹುದು, ಸ್ಕ್ಯಾನ್ ನಡೆಯುವಾಗ ಮಾತ್ರ ಯಂತ್ರದ ಕೋಣೆಯೊಳಗೆ ನಿಲ್ಲದಿರುವುದು ಒಳ್ಳೆಯದು. ಅಷ್ಟೇ ಅಳೆದು ನೀವೂ ಬರೆಯಿರಿ.

ನನ್ನ ಎದೆ ಝಲ್ಲೆಂದದ್ದು ಐದನೇ ಪುಟದ ಒಂದು ಸಾಲಿಗೆ. “ಏಳನೇ ತಿಂಗಳಲ್ಲಿ ಒಬ್ಬಳೇ ಏಣಿ ಹತ್ತಿ ದ್ರವ ಸಾರಜನಕ ತುಂಬಿಸಿದೆ.” ಇದನ್ನು ಹೇಗೆ ಒಂದೇ ಸಾಲಿನಲ್ಲಿ ದಾಟಿದಿರಿ? ಯಂತ್ರದ ಅಯಸ್ಕಾಂತವನ್ನು ತಣ್ಣಗಿಡಲು ತುಂಬಿಸುವ, ಮೈನಸ್ 196 ಡಿಗ್ರಿಯ ವಸ್ತು ಅದು. ಒಂದು ಲೀಟರ್ ಆವಿಯಾದರೆ ಸುಮಾರು 700 ಲೀಟರ್ ಅನಿಲ. ಮುಚ್ಚಿದ ಕೋಣೆಯಲ್ಲಿ ಉಸಿರಾಡುವ ಆಮ್ಲಜನಕಕ್ಕೇ ಕುತ್ತು. ಕ್ಲೋರೋಫಾರ್ಮ್ ಬಾಟಲಿಗಳೂ ಅಲ್ಲೇ ಇದ್ದವು ಎಂದಿದ್ದೀರಿ. ಅಯಸ್ಕಾಂತಕ್ಕೆ ಹೆದರಿದವರು ಯಾರೂ ಏಣಿ ಹಿಡಿದುಕೊಳ್ಳಲು ಬರಲಿಲ್ಲ! ಆ ಮಧ್ಯಾಹ್ನದ ಬಗ್ಗೆ ಎರಡು ಪುಟ ಬರೆಯಿರಿ. ಕೈಗವಸು ಇತ್ತಾ, ಕಿಟಕಿ ತೆರೆದಿತ್ತಾ, “ನನ್ನಿಂದ ಆಗಲ್ಲ” ಅನ್ನಲು ಏಕೆ ಬಾಯಿ ಬರಲಿಲ್ಲ, ಎಲ್ಲ.

ತಾಯ್ತನದ ಕವನ ಬೇಡ. (ಕವನ ಕೆಟ್ಟದ್ದಲ್ಲ, ಬೇರೆ ಕಳಿಸಿ.)

ಹುತ್ತರಿ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ಮೈಸೂರಿಗೆ ಹೋದಾಗ ಕುರ್ಚಿಯಿಂದ ಯಂತ್ರದವರೆಗೆ ಅಳೆದು ಬನ್ನಿ. ಸ್ಟೀಲ್ ಟೇಪ್ ಬೇಡ, ಟೈಲರ್ ಹತ್ತಿರದ ಬಟ್ಟೆ ಟೇಪ್ ಒಯ್ಯಿರಿ.

ಸಂಪಾದಕ, ಮಡಿಕೇರಿ