ನುಡಿಯ ಬೇರು: ಸುಪಾರಿ, ಪಗಾರ, ಫೋರ್ ಟ್ವೆಂಟಿ

ಆಡುಮಾತಿನ ಪದಗಳು ಹುಟ್ಟಿದ ಬಗೆಯನ್ನು ಕುರಿತು ಉತ್ತರ ಕನ್ನಡ ಜಿಲ್ಲೆಯ ಓದುಗರು ಕೇಳಿದ ಕೆಲವು ಪ್ರಶ್ನೆಗಳನ್ನು ಈ ಸಂಚಿಕೆಗೆ ಆರಿಸಿಕೊಳ್ಳಲಾಗಿದೆ.

ಪ್ರಶ್ನೆ: ನಮ್ಮದು ತಲೆಮಾರುಗಳಿಂದ ಅಡಿಕೆ ತೋಟ ಮಾಡಿಕೊಂಡು ಬಂದ ಮನೆತನ. ಹಣ ಕೊಟ್ಟು ಕೊಲೆ ಮಾಡಿಸುವುದಕ್ಕೆ ಪತ್ರಿಕೆಗಳು ‘ಸುಪಾರಿ’ ಎಂದು ಬರೆಯುವುದನ್ನು ಕಂಡಾಗಲೆಲ್ಲ ನಮ್ಮ ಬೆಳೆಯ ಹೆಸರೇ ಕೆಟ್ಟಂತೆನಿಸುತ್ತದೆ. ಮಂಗಲಕಾರ್ಯಕ್ಕೆ ಬೇಕಾದ ಅಡಿಕೆಗೆ ಈ ಅರ್ಥ ಹೇಗೆ ಅಂಟಿಕೊಂಡಿತು?
(ಶಿರಸಿ ತಾಲೂಕಿನ ಓದುಗರು)

ಉತ್ತರ: ಮೊದಲು ಒಂದು ಸಮಾಧಾನದ ಮಾತು. ಹೆಸರು ಕೆಟ್ಟಿರುವುದು ಸುಪಾರಿಯದೇ ಹೊರತು ಅಡಿಕೆಯದಲ್ಲ. ಶಿರಸಿಯ ಮಾರುಕಟ್ಟೆ ಧಾರಣೆಯನ್ನು ನೋಡಿದರೆ ಚಾಲಿ, ರಾಶಿ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಂಬ ಹೆಸರುಗಳು ಸಾಲಾಗಿ ಸಿಗುತ್ತವೆ. ಸುಪಾರಿ ಎಂಬುದು ಎಲ್ಲಿಯೂ ಸಿಗುವುದಿಲ್ಲ. ಊಟ ಮುಗಿದ ಮೇಲೆ ಕವಳದ ತಟ್ಟೆಯನ್ನು ನೆಂಟರ ಮುಂದಕ್ಕೆ ಸರಿಸುವವರು ಕವಳ ಹಾಕಿ ಎನ್ನುತ್ತಾರೆಯೇ ಹೊರತು ಸುಪಾರಿ ತೆಗೆದುಕೊಳ್ಳಿ ಎನ್ನುವುದಿಲ್ಲ. ಹಿಂದಿ ಮತ್ತು ಮರಾಠಿಗಳಲ್ಲಿ ಅಡಿಕೆಗಿರುವ ಸಾಮಾನ್ಯ ಹೆಸರು ಸುಪಾರಿ. ಅಲ್ಲಿ ಆ ಪದಕ್ಕೆ ತಿನ್ನುವ ಅಡಿಕೆ ಎಂಬ ಅರ್ಥವೂ ಕೆಲಸಕ್ಕೆ ಒಪ್ಪಿಸಿ ಕೊಡುವ ಮುಂಗಡ ಎಂಬ ಅರ್ಥವೂ ಉಂಟು. ಮುಂಬಯಿಯ ಭೂಗತ ಲೋಕದ ಸುದ್ದಿಗಳ ಜೊತೆಗೆ ಕನ್ನಡಕ್ಕೆ ಬಂದದ್ದು ಎರಡನೆಯದು. ಮೊದಲನೆಯದಕ್ಕೆ ನಮ್ಮಲ್ಲಿ ಅಡಿಕೆ ಎಂಬ ಪದ ಭದ್ರವಾಗಿ ಕುಳಿತಿದ್ದುದರಿಂದ, ಪಾನಂಗಡಿಯ ಸಿಹಿ ಸುಪಾರಿ ಪೊಟ್ಟಣದ ಮೇಲಲ್ಲದೆ ಬೇರೆಲ್ಲೂ ಅದಕ್ಕೆ ಜಾಗ ದೊರೆಯಲಿಲ್ಲ.

ಮುಂಗಡಕ್ಕೂ ಅಡಿಕೆಗೂ ನಂಟು ಬೆಳೆದದ್ದು ಹೇಗೆಂಬುದು ಇನ್ನೂ ಸ್ವಾರಸ್ಯದ ವಿಷಯ. ಒಬ್ಬರಿಗೆ ವೀಳ್ಯ ಕೊಡುವುದೆಂದರೆ ಒಂದು ಕಾರ್ಯವನ್ನು ಅವರಿಗೆ ಒಪ್ಪಿಸುವುದು. ಅದನ್ನು ಕೈಯೊಡ್ಡಿ ತೆಗೆದುಕೊಳ್ಳುವುದೆಂದರೆ ಮಾಡಿಯೇ ತೀರುತ್ತೇನೆಂದು ಒಪ್ಪುವುದು. ಯುದ್ಧಕ್ಕೆ ಕಳುಹಿಸುವಾಗ ಅರಸ ಕೊಡುತ್ತಿದ್ದ ರಣವೀಳ್ಯ ನಮ್ಮ ಹಳೆಯ ಕಥೆಗಳಲ್ಲೆಲ್ಲ ಬರುತ್ತದೆ. ಹಿಂದಿಯಲ್ಲಿ ಹೊಣೆ ಹೊರುವುದಕ್ಕೆ ‘ಬೀಡಾ ಉಠಾನಾ’ ಎಂದೂ ಮರಾಠಿಯಲ್ಲಿ ‘ವಿಡಾ ಉಚಲಣೆ’ ಎಂದೂ ಇಂದಿಗೂ ಹೇಳುತ್ತಾರೆ; ಎರಡರ ಅರ್ಥವೂ ವೀಳ್ಯವನ್ನು ಎತ್ತಿಕೊಳ್ಳುವುದೆಂದೇ. ಮಹಾರಾಷ್ಟ್ರದಲ್ಲಿ ತಮಾಷಾ ತಂಡಕ್ಕೋ ವಾದ್ಯದವರಿಗೋ ಕಾರ್ಯಕ್ರಮ ಗೊತ್ತುಮಾಡಿ ಮುಂಗಡ ಕೊಡುವುದನ್ನು ಸುಪಾರಿ ಕೊಡುವುದು ಎನ್ನುವ ರೂಢಿಯಿದೆ, ಮತ್ತು ಅದರಲ್ಲಿ ಅಪರಾಧದ ಸೋಂಕು ಕಿಂಚಿತ್ತೂ ಇಲ್ಲ. ನಮ್ಮ ಕರಾವಳಿಯಲ್ಲಿಯೂ ಯಕ್ಷಗಾನ ಮೇಳಕ್ಕೆ ಆಟ ಗೊತ್ತುಮಾಡಿ ಕೊಡುವ ಹಣಕ್ಕೆ ವೀಳ್ಯವೆಂಬ ಹೆಸರಿದೆ. ಪಾತಕಿಗಳು ತಮ್ಮ ವ್ಯವಹಾರಕ್ಕೆ ಹೊಸ ಪದ ಕಟ್ಟಲಿಲ್ಲ. ಕಲಾವಿದರಿಗೂ ಪುರೋಹಿತರಿಗೂ ಸಲ್ಲುತ್ತಿದ್ದ ಮರ್ಯಾದೆಯ ಪದವನ್ನು ಎತ್ತಿಕೊಂಡರು. ಇಂಗ್ಲಿಷರು ಅಡಿಕೆಯನ್ನು ಅರೆಕಾ ಎನ್ನುತ್ತಾರಷ್ಟೆ; ಅದು ಮಲಯಾಳದ ಅಡಯ್ಕ ಎಂಬ ಪದ ಪೋರ್ಚುಗೀಸರ ಬಾಯಲ್ಲಿ ತಳೆದ ರೂಪ. ನಿಮ್ಮ ಬೆಳೆಗೆ ಲೋಕದಲ್ಲಿರುವ ಹೆಸರು ಸುಪಾರಿಯದಲ್ಲ, ನಮ್ಮ ಅಡಿಕೆಯ ಒಡಹುಟ್ಟಿನದು ಎಂಬುದು ನಿಮಗೆ ಸಂತೋಷ ತರಬಹುದು.

ಪ್ರಶ್ನೆ: ಮೈಸೂರಿನಿಂದ ಕುಮಟಾಕ್ಕೆ ಸೊಸೆಯಾಗಿ ಬಂದವಳು ನಾನು. ಇಲ್ಲಿ ಸಂಬಳಕ್ಕೆ ಪಗಾರ, ಬೀಗದ ಕೈಗೆ ಚಾವಿ, ಆಲೂಗಡ್ಡೆಗೆ ಬಟಾಟೆ, ಹರಾಜಿಗೆ ಲಿಲಾವು ಎನ್ನುತ್ತಾರೆ. ಕೊಂಕಣಿ ಪದಗಳೇ ಎಂದು ಅತ್ತೆಯವರನ್ನು ಕೇಳಿದರೆ ಅಚ್ಚ ಕನ್ನಡ ಎನ್ನುತ್ತಾರೆ. ಯಾವುದು ನಿಜ?
(ಕುಮಟಾದ ಓದುಗರು)

ಉತ್ತರ: ಅತ್ತೆ ಸೊಸೆಯರ ನಡುವೆ ತೀರ್ಪು ಕೊಡುವುದು ಅಪಾಯಕರ. ಆದರೂ ಹೇಳಬೇಕಾದದ್ದೆಂದರೆ, ಈ ನಾಲ್ಕೂ ಪದಗಳು ಪೋರ್ಚುಗೀಸರ ಹಡಗಿನಲ್ಲಿ ಬಂದವು. ಪಗಾರ್ ಎಂದರೆ ಅವರ ಭಾಷೆಯಲ್ಲಿ ಹಣ ಸಂದಾಯ ಮಾಡುವುದು. ಶಾವೆ ಎಂದರೆ ಬೀಗದ ಕೈ. ಲೈಲಾಂವ್ ಎಂದರೆ ಹರಾಜು. ಬಟಾಟೆಯ ತವರು ಇನ್ನೂ ದೂರದ್ದು. ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳು ಗೆಣಸಿಗೆ ಬಟಾಟ ಎನ್ನುತ್ತಿದ್ದರು. ಸ್ಪೇನಿನವರೂ ಪೋರ್ಚುಗೀಸರೂ ಆ ಹೆಸರನ್ನು ಕಲಿತು ತಾವು ಹೋದಲ್ಲೆಲ್ಲ ಹಂಚಿದರು. ನಿಮ್ಮ ಮನೆಯ ಪಲ್ಯದ ಬಾಣಲೆಯಲ್ಲಿ ಬೇಯುತ್ತಿರುವ ಬಟಾಟೆಯ ಹೆಸರು ಎರಡು ಸಾಗರಗಳನ್ನು ದಾಟಿ ಬಂದಿದೆ.

ಪೋರ್ಚುಗೀಸರು ಕಾರವಾರದ ಸಮೀಪದ ಅಂಜದೀವ ದ್ವೀಪದಲ್ಲಿ 1505ರಲ್ಲಿಯೇ ಕೋಟೆ ಕಟ್ಟಿದ್ದರು. 1510ರಲ್ಲಿ ಅಲ್ಬುಕರ್ಕ್ ಗೋವೆಯನ್ನು ಗೆದ್ದಾಗ ಅವನಿಗೆ ನೆರವಾದ ತಿಮ್ಮಯ್ಯ ಹೊನ್ನಾವರದವನು. ಗೋವೆ 1961ರವರೆಗೆ ಅವರ ಕೈಯಲ್ಲಿದ್ದುದರಿಂದ ಅವರ ಪದಗಳು ಕೊಂಕಣಿಯಲ್ಲಿ ಬೇರೂರಿ, ಕೊಂಕಣಿ ಮಾತನಾಡುವವರ ಜೊತೆಗೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳನ್ನು ದಾಟಿ ದಕ್ಷಿಣಕ್ಕೆ ಇಳಿದವು. ಆದರೆ ಇದೊಂದೇ ದಾರಿಯಾಗಿದ್ದರೆ ಸಮುದ್ರವನ್ನೇ ಕಾಣದ ಧಾರವಾಡದವರು ಪಗಾರ ಎನ್ನುತ್ತಿರಲಿಲ್ಲ. ಎರಡನೆಯ ದಾರಿ ಕಚೇರಿಯದು. ಮದರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಯನ್ನು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದರು. 1956ರ ನವೆಂಬರ್ 1ರಂದು ಏಕೀಕರಣವಾಗುವವರೆಗೂ ಧಾರವಾಡ, ಬೆಳಗಾವಿ, ವಿಜಾಪುರಗಳ ಹಾಗೆ ಕಾರವಾರವೂ ಮುಂಬಯಿಯ ಆಡಳಿತದಲ್ಲಿತ್ತು. ಅಲ್ಲಿನ ಕಚೇರಿ ಮತ್ತು ಪೇಟೆಗಳಲ್ಲಿ ಮರಾಠಿಯ ಪ್ರಭಾವ ಬಲವಾಗಿತ್ತು, ಮತ್ತು ಆ ಮರಾಠಿ ಇವೇ ಪೋರ್ಚುಗೀಸ್ ಪದಗಳನ್ನು ಎಂದೋ ಅರಗಿಸಿಕೊಂಡಿತ್ತು. ಮೈಸೂರು ಸಂಸ್ಥಾನಕ್ಕೆ ಈ ಎರಡೂ ದಾರಿಗಳು ಮುಟ್ಟಲಿಲ್ಲವಾದ್ದರಿಂದ ನಿಮ್ಮ ತವರಿನಲ್ಲಿ ಸಂಬಳ, ಹರಾಜುಗಳೇ ಉಳಿದವು.

ಹಾಗೆಂದು ತವರಿನ ಪದಗಳು ಅಚ್ಚ ಕನ್ನಡವೆಂದು ಬೀಗುವಂತಿಲ್ಲ. ಸಂಬಳವು ದಾರಿಯ ಬುತ್ತಿ ಎಂಬ ಅರ್ಥದ ಸಂಸ್ಕೃತ ಪದದಿಂದ ಬಂದದ್ದು; ಹರಾಜು ಅರಬ್ಬಿಯದು. ಲಿಲಾವಿನ ಮೂಲವಾದ ಪೋರ್ಚುಗೀಸ್ ಪದವನ್ನೂ ನಿಘಂಟುಗಳು ಅರಬ್ಬಿಗೇ ಒಯ್ಯುತ್ತವೆ. ಇನ್ನು ಪೇರಲೆ ಹಣ್ಣು ಪೆರು ದೇಶದಿಂದ ಬಂದದ್ದರಿಂದ ಅದಕ್ಕೆ ಆ ಹೆಸರು ಎಂದು ನೀವು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಹಣ್ಣು ಅಮೆರಿಕ ಖಂಡದ್ದೆಂಬುದು ಸರಿ. ಹೆಸರು ಮಾತ್ರ ದೇಶದ್ದಲ್ಲ. ಪೋರ್ಚುಗೀಸರು ತಮ್ಮ ನಾಡಿನ ಪೇರ್ ಹಣ್ಣನ್ನು ಪೇರ ಎನ್ನುತ್ತಿದ್ದರು. ಆಕಾರದಲ್ಲಿ ಅದನ್ನೇ ಹೋಲುವ ಇದಕ್ಕೂ ಅದೇ ಹೆಸರು ಬಿದ್ದಿತು.

ಪ್ರಶ್ನೆ: ಮುಗಿಯಿತು ಎನ್ನುವುದಕ್ಕೆ ಹುಡುಗರು ‘ಖಲಾಸ್’ ಎನ್ನುತ್ತಾರೆ. ನಮ್ಮ ಬಂದರಿನಲ್ಲಿ ದೋಣಿಯ ಕೆಲಸಗಾರರನ್ನು ಖಲಾಸಿ ಎನ್ನುತ್ತಿದ್ದರು. ಎರಡಕ್ಕೂ ಸಂಬಂಧವುಂಟೆ?
(ಭಟ್ಕಳದ ಓದುಗರು)

ಉತ್ತರ: ಉಂಟು. ಅರಬ್ಬಿಯಲ್ಲಿ ಖಲಾಸ್ ಎಂದರೆ ಬಿಡುಗಡೆ, ಮುಕ್ತಾಯ. ಕೊಲ್ಲಿ ರಾಷ್ಟ್ರಗಳಿಗೆ ಹೋಗಿಬಂದವರಿಗೆ ಗೊತ್ತಿರುವಂತೆ, ಸಾಕು, ಮುಗಿಯಿತು ಎನ್ನಲು ಅಲ್ಲಿ ದಿನಕ್ಕೆ ಹತ್ತಾರು ಬಾರಿ ಆ ಪದವನ್ನು ಬಳಸುತ್ತಾರೆ. ಖಲಾಸಿ ಎಂಬುದನ್ನೂ ನಿಘಂಟುಕಾರರು ಸಾಮಾನ್ಯವಾಗಿ ಅದೇ ಮೂಲದಿಂದ ಸಾಧಿಸುತ್ತಾರೆ. ಹಡಗಿನ ಆಳು, ಸರಕು ಇಳಿಸುವವನು, ಡೇರೆ ಹೊಡೆಯುವವನು ಹೀಗೆ ಅದರ ಅರ್ಥ ಹರಡುತ್ತ ಹೋಗಿ, ಕೊನೆಗೆ ರೈಲ್ವೆಯಲ್ಲಿ ಅದೊಂದು ಹುದ್ದೆಯ ಹೆಸರೇ ಆಯಿತು. ಬಂದರು ಎಂಬುದೂ ಪಾರ್ಸಿಯ ಬಂದರ್. ಹಡಗಿನ ಯಜಮಾನನನ್ನು ನಿಮ್ಮ ಊರಿನವರು ನಾಖುದಾ ಎನ್ನುವುದು ನಾವೆ ಮತ್ತು ಒಡೆಯ ಎಂಬರ್ಥದ ಎರಡು ಪಾರ್ಸಿ ಪದಗಳು ಕೂಡಿ ಆದದ್ದು. ಖಲಾಸ್ ಎಂಬುದು ಇಂದು ಪುಂಡರ ಮಾತಿನಂತೆ ಕೇಳಿಸಬಹುದು, ಆದರೆ ಅರಬ್ಬರೊಡನೆ ಕುದುರೆ ಮತ್ತು ಮೆಣಸಿನ ವ್ಯಾಪಾರ ನಡೆಸಿದ ಭಟ್ಕಳದಲ್ಲಿ ಅದು ಪರಕೀಯವೆನಿಸಬೇಕಾಗಿಲ್ಲ.

ಪ್ರಶ್ನೆ: ಯಕ್ಷಗಾನದಲ್ಲಿ ಪ್ರಸಂಗಕ್ಕಿಂತ ಹೆಚ್ಚು ಮಾತನಾಡಿದ ವೇಷಧಾರಿಯನ್ನು ಹಳಿಯಲು ‘ಅಧಿಕಪ್ರಸಂಗಿ’ ಎಂಬ ಪದ ಹುಟ್ಟಿತೆಂದು ನಮ್ಮ ಉಪನ್ಯಾಸಕರು ಹೇಳಿದರು. ಹೌದೆ?
(ಹೊನ್ನಾವರದ ವಿದ್ಯಾರ್ಥಿನಿ)

ಉತ್ತರ: ಕಥೆ ಸೊಗಸಾಗಿದೆ. ಯಕ್ಷಗಾನದ ಅರ್ಥಗಾರಿಕೆ ಆಶುಮಾತಿನದಾದ್ದರಿಂದ, ಎದುರು ವೇಷದವರಿಗೆ ಬಾಯಿ ತೆರೆಯಲು ಅವಕಾಶ ಕೊಡದೆ ಮಾತು ಬೆಳೆಸುವವರೂ ಇದ್ದೇ ಇರುತ್ತಾರೆ. ಆದರೆ ತಮಿಳಿನಲ್ಲಿಯೂ ಉದ್ಧಟತನದಿಂದ ಮಾತನಾಡುವವನನ್ನು ಅಧಿಗಪ್ಪಿರಸಂಗಿ ಎಂದೇ ಬಯ್ಯುತ್ತಾರೆ, ಮತ್ತು ಆ ನಾಡಿನಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಇರಲಿಲ್ಲ. ಸಂದರ್ಭ, ಪ್ರಸ್ತಾಪ, ಮಾತು ಎಂಬ ಅರ್ಥಗಳಲ್ಲಿ ಪ್ರಸಂಗವೆಂಬ ಸಂಸ್ಕೃತ ಪದ ದಕ್ಷಿಣದ ಭಾಷೆಗಳಲ್ಲಿ ಮೊದಲಿನಿಂದಲೂ ಇದೆ. ಸಂದರ್ಭ ಮೀರಿ ಮಾತನಾಡುವವನು ಅಧಿಕಪ್ರಸಂಗಿ. ಯಕ್ಷಗಾನದ ಪ್ರಸಂಗವೂ ಆ ಪದದ್ದೇ ಇನ್ನೊಂದು ಕವಲು. ಪದದ ಹುಟ್ಟಿನ ಬಗ್ಗೆ ಇಂಥ ಕಥೆ ಕೇಳಿದಾಗಲೆಲ್ಲ ನೆರೆಯ ಭಾಷೆಯಲ್ಲಿ ಅದೇ ಪದ ಇದೆಯೇ ಎಂದು ನೋಡುವುದು ಒಳ್ಳೆಯ ಪರೀಕ್ಷೆ. ಉಪನ್ಯಾಸಕರಿಗೆ ಇದನ್ನು ತಿಳಿಸುವಾಗ ಮಾತ್ರ ತುಸು ಜಾಗ್ರತೆ. ಆ ಪದ ನಿಮ್ಮ ಮೇಲೆಯೇ ಬಂದೀತು.

ಪ್ರಶ್ನೆ: ‘ಬೇವರ್ಸಿ’ ಎಂಬ ಬೈಗುಳಕ್ಕೆ ಬೆವರಿನೊಡನೆ ಸಂಬಂಧವಿದೆಯೆ?
(ಅಂಕೋಲಾದ ಓದುಗರು)

ಉತ್ತರ: ಇಲ್ಲ. ಬೇ ಎಂಬುದು ಇಲ್ಲದ ಎಂಬರ್ಥದ ಪಾರ್ಸಿ ಉಪಸರ್ಗ. ವಾರಸು ಎಂಬುದು ಹಕ್ಕುದಾರ ಎಂಬರ್ಥದ ಅರಬ್ಬಿ ಪದದಿಂದ ಬಂದದ್ದು. ವಾರಸುದಾರರಿಲ್ಲದ ಆಸ್ತಿಗೂ ಹೆಣಕ್ಕೂ ಸರಕಾರಿ ದಾಖಲೆಗಳು ಬೇವಾರಸು ಎನ್ನುತ್ತಿದ್ದವು. ಕೇಳುವವರು ಹೇಳುವವರು ಯಾರೂ ಇಲ್ಲದವನು ಎಂಬ ಅರ್ಥದಲ್ಲಿ ಅದು ಮನುಷ್ಯರ ಮೇಲೆ ಬೈಗುಳವಾಗಿ ಬಿದ್ದಿತು.

ಪ್ರಶ್ನೆ: ಮೋಸಗಾರನನ್ನು ‘ಫೋರ್ ಟ್ವೆಂಟಿ’ ಎನ್ನುವುದು ದಂಡಸಂಹಿತೆಯ ಕಲಮಿನಿಂದ ಎಂದು ಗೊತ್ತು. ಈಗ ಕಾನೂನೇ ಬದಲಾಗಿದೆ. ಇನ್ನು ಮುಂದೆ ಏನೆಂದು ಕರೆಯಬೇಕು?
(ಕಾರವಾರದ ನಿವೃತ್ತ ನೌಕರರು)

ಉತ್ತರ: ನ್ಯಾಯಾಲಯದ ಭಾಷೆಯಲ್ಲಿ ಕೇಳುವುದಾದರೆ ‘ಮುನ್ನೂರ ಹದಿನೆಂಟು’ ಎನ್ನಬೇಕು. 1860ರಲ್ಲಿ ಅಂಗೀಕಾರವಾದ ಭಾರತೀಯ ದಂಡಸಂಹಿತೆ 1862ರ ಜನವರಿ 1ರಂದು ಜಾರಿಗೆ ಬಂದಿತು, ಅಂದರೆ ನಿಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ ವರ್ಷವೇ. ವಂಚಿಸಿ ಸೊತ್ತು ಕಿತ್ತುಕೊಳ್ಳುವ ಅಪರಾಧಕ್ಕೆ ಅದರ 420ನೆಯ ಕಲಮಿನಲ್ಲಿ ಏಳು ವರ್ಷಗಳವರೆಗಿನ ಸೆರೆವಾಸವಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ಅಪರಾಧವು 318ನೆಯ ಕಲಮಿನ 4ನೆಯ ಉಪಕಲಮಿಗೆ ಹೋಗಿದೆ. ಶಿಕ್ಷೆಯ ಮಿತಿ ಹಾಗೆಯೇ ಇದೆ. ಹೊಸ ಸಂಹಿತೆಯಲ್ಲಿರುವುದು ಒಟ್ಟು 358 ಕಲಮುಗಳು ಮಾತ್ರವಾದ್ದರಿಂದ 420 ಎಂಬ ಸಂಖ್ಯೆಯ ಕಲಮೇ ಅದರಲ್ಲಿಲ್ಲ.

ಆದರೂ ಫೋರ್ ಟ್ವೆಂಟಿ ಆಡುಮಾತಿನಿಂದ ಹೋಗುತ್ತದೆಂದು ನನಗೆ ಅನಿಸುವುದಿಲ್ಲ. ಕಲಮು ಯಾವುದೆಂದು ಅರಿಯದ ಮಕ್ಕಳೂ ಇಸ್ಪೀಟಾಟದಲ್ಲಿ ಎಲೆ ಬಚ್ಚಿಟ್ಟವನನ್ನು ಫೋರ್ ಟ್ವೆಂಟಿ ಎಂದೇ ಕೂಗುತ್ತಾರೆ. ಅವರ ಬಾಯಲ್ಲಿ ಅದು ಸಂಖ್ಯೆಯಾಗಿ ಉಳಿದಿಲ್ಲ, ಗುಣವಾಚಕವಾಗಿದೆ. ಪಾಕಿಸ್ತಾನ, ಬಾಂಗ್ಲಾದೇಶಗಳ ದಂಡಸಂಹಿತೆಗಳು ಅದೇ ಬ್ರಿಟಿಷ್ ಸಂಹಿತೆಯ ಮುಂದುವರಿಕೆಯಾಗಿರುವುದರಿಂದ ಅಲ್ಲಿ ವಂಚನೆಯ ಕಲಮು ಈಗಲೂ 420. ನಿಜವಾದ ಗೊಂದಲವಾಗುವುದು 144ರ ವಿಷಯದಲ್ಲಿ. ಗುಂಪುಗೂಡುವುದನ್ನು ತಡೆಯುವ ನಿಷೇಧಾಜ್ಞೆಯ ಕಲಮು ಅದಾಗಿದ್ದುದರಿಂದ, ಮಕ್ಕಳ ಪರೀಕ್ಷೆಯ ದಿನಗಳಲ್ಲಿ ‘ನಮ್ಮ ಮನೆಯಲ್ಲಿ 144 ಜಾರಿಯಾಗಿದೆ’ ಎಂದು ತಮಾಷೆ ಮಾಡುವವರುಂಟು. ಆ ಅಧಿಕಾರ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಕಲಮಿನಲ್ಲಿದೆ. ಅದೇ ಸಂಹಿತೆಯ 144ನೆಯ ಕಲಮು ಹೆಂಡತಿ, ಮಕ್ಕಳು ಮತ್ತು ತಂದೆತಾಯಿಗಳಿಗೆ ಜೀವನಾಂಶ ಕೊಡಿಸುವುದಕ್ಕೆ ಸಂಬಂಧಿಸಿದ್ದು. ವಕೀಲರ ಎದುರಿನಲ್ಲಿ ಆ ತಮಾಷೆ ಮಾಡುವವರು ಇದನ್ನು ಗಮನದಲ್ಲಿಟ್ಟುಕೊಳ್ಳುವುದು ಲೇಸು.